ದೃಷ್ಟಿಗೆ ಬಿಟ್ಟ ಅರ್ಧ ಕಿಲೊ

ಈ ಕಥೆಯನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ವಂಶವಾಹಿಗಳ ಲೆಕ್ಕ ಬಲ್ಲವರು ಓದಿದರೆ ಹುಬ್ಬು ಗಂಟಿಕ್ಕಬಹುದು. ಹಡೆದು ಕಳೆದುಕೊಂಡವರು ಓದಿದರೆ, ಇದೆಲ್ಲ ನಿಮಗೇಕೆ ಬೇಕಿತ್ತು ಎಂದು ಕೇಳಬಹುದು. ಇಬ್ಬರಿಗೂ ಕೊಡಲು ಸರಿಯಾದ ಉತ್ತರವಿಲ್ಲ. ಸಂಜೆಯ ತರಗತಿಯಲ್ಲಿ ಕಲಿತಷ್ಟು ವಿಜ್ಞಾನ, ಕೇಳಿ ತಿಳಿದಷ್ಟು ಸಂಗತಿ, ಬಂಡವಾಳ ಇಷ್ಟೇ. ಎಲ್ಲಾದರೂ ತಪ್ಪು ಕಂಡರೆ ಅದು ಹೇಳಿದವರ ತಪ್ಪು, ಕಸ್ತೂರಿಯದಲ್ಲ. ಅವಳ ಪಾಲಿಗೆ ಬಂದದ್ದೇ ಸಾಕಷ್ಟಿದೆ.

ಕಸ್ತೂರಿ ಧಾರವಾಡದ ನಿಜತೂಕ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ನಿಜತೂಕ ಎಂದರೇನು ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಬೇಸರಿಸದೆ ಬಿಡಿಸಿ ಹೇಳುತ್ತಿದ್ದಳು. ಮನುಷ್ಯನ ವಂಶವಾಹಿ ಎಂಬುದೊಂದು ಬಹಳ ಉದ್ದದ ಬರಹ. ಅದರಲ್ಲಿ ಹೆಚ್ಚಿನದೆಲ್ಲ ಎಲ್ಲರಲ್ಲೂ ಒಂದೇ. ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಒಬ್ಬರಿಂದೊಬ್ಬರಿಗೆ ಬೇರೆ. ಹಾಗೆ ಬೇರೆಯಾದ ಅಕ್ಷರಗಳಲ್ಲಿ ಕೆಲವು ಹುಟ್ಟುವ ಕೂಸಿನ ತೂಕವನ್ನು ಚಿಟಿಕೆಯಷ್ಟು ಏರಿಸುತ್ತವೆ, ಕೆಲವು ಚಿಟಿಕೆಯಷ್ಟು ಇಳಿಸುತ್ತವೆ. ತಂದೆತಾಯಿಯ ಒಂದೊಂದು ಹನಿ ರಕ್ತ ತೆಗೆದು ಆ ಚಿಟಿಕೆಗಳನ್ನೆಲ್ಲ ಕೂಡಿ ಕಳೆದರೆ, ಈ ಇಬ್ಬರ ಕೂಸು ಹೊಟ್ಟೆಯೊಳಗೆ ಯಾವ ಕೊರತೆಯೂ ಇಲ್ಲದೆ ಬೆಳೆದರೆ ಎಷ್ಟು ತೂಗಬೇಕು ಎಂಬುದು ಸಿಗುತ್ತದೆ. ಅದೇ ಆ ಕೂಸಿನ ನಿಜತೂಕ.

ಇದರಿಂದ ಉಪಕಾರವಾಗಿರಲಿಲ್ಲ ಎಂದಲ್ಲ. ಹಿಂದೆ ಎರಡೂವರೆ ಕಿಲೊಗಿಂತ ಕಡಿಮೆಯಿದ್ದ ಕೂಸುಗಳನ್ನೆಲ್ಲ ತಾಯಿಯಿಂದ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪೆಟ್ಟಿಗೆ ಸಾಲದೆ ಒಂದೊಂದರಲ್ಲಿ ಎರಡು ಮೂರು ಕೂಸು. ಸಣ್ಣದಾದರೂ ಗಟ್ಟಿಯಿದ್ದ ಕೂಸು ಪಕ್ಕದ ಕೂಸಿನ ಸೋಂಕು ತಗುಲಿ ಹೋಗಿಬಿಡುತ್ತಿತ್ತು. ನಿಜತೂಕ ಬಂದ ಮೇಲೆ ಹೆರಿಗೆ ಕೋಣೆಯ ತಕ್ಕಡಿ ತಾನೇ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ, ಕೂಸಿನ ಕಾಲಿಗೆ ಕಟ್ಟುವ ಪಟ್ಟಿಯನ್ನು ಹೊರಗೆ ಹಾಕುತ್ತಿತ್ತು. ನಿಜತೂಕದ ಆಸುಪಾಸು ಇದ್ದರೆ ಹಸಿರು ಪಟ್ಟಿ, ತಾಯಿಯ ಮಗ್ಗುಲು. ಅದಕ್ಕಿಂತ ಬಹಳ ಕೆಳಗಿದ್ದರೆ ಕೆಂಪು ಪಟ್ಟಿ, ಅಂದರೆ ಒಳಗೇ ಹಸಿದ ಕೂಸು, ಅದಕ್ಕೆ ಪೆಟ್ಟಿಗೆ. ಬಸುರಿಯರಿಗೆ ಕೊಡುವ ಹೆಚ್ಚಿನ ಆಹಾರವೂ ಇದೇ ಲೆಕ್ಕದಲ್ಲಿ ನಡೆಯುತ್ತಿತ್ತು. ಹೊಟ್ಟೆಯಲ್ಲಿರುವುದು ಹುಟ್ಟಾ ಸಣ್ಣ ಕೂಸು ಎಂದಾದರೆ ತಾಯಿಗೆ ಹೆಚ್ಚಿನದು ಬೇಡ, ಬೇಕಾದವರಿಗೆ ಸಿಗಲಿ ಎಂಬ ನ್ಯಾಯ.

ಕೇಂದ್ರದಲ್ಲಿ ಕಸ್ತೂರಿಗೆ ಒಂದು ಹೆಸರಿತ್ತು. ಬನ್ನಿಪೇಟೆಯ ಅಕ್ಷರವನ್ನು ಕಂಡವಳು ಅವಳು.

ಬನ್ನಿಪೇಟೆ ಅವಳ ತವರು, ನೇಕಾರರ ಊರು. ಆ ಓಣಿಗಳಲ್ಲಿ ಹೆಣ್ಣು ಕೊಡುವುದೂ ತರುವುದೂ ಓಣಿಯೊಳಗೇ. ಸೋದರಮಾವ, ಅತ್ತೆಯ ಮಗ, ಹೀಗೆ. ಕೇಂದ್ರ ಶುರುವಾದಾಗ ಸಾವಿರಾರು ಮಕ್ಕಳ ಹುಟ್ಟುತೂಕ ಬೇಕಾಗಿತ್ತು. ಆಸ್ಪತ್ರೆಗಳಲ್ಲಿ ಹಿಂದೆ ಕೂಸನ್ನು ತೂಗಿ ತಾಯಿಗೆ ಬಾಯಲ್ಲಿ ಹೇಳಿ, ಕಾಗದದಲ್ಲಿ ಮಾತ್ರ ಎಲ್ಲ ಕೂಸಿಗೂ ಎರಡೂವರೆ ಎಂದು ಬರೆದುಬಿಡುತ್ತಿದ್ದರು, ನಂಬುವಂತಿರಲಿಲ್ಲ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮಂದಾಕಿನಿ ಇನಾಮದಾರ ಒಂದು ದಾರಿ ಹುಡುಕಿದರು. ತಾಯಂದಿರನ್ನೇ ಕೇಳುವುದು. ಹಡೆದವಳು ಏನು ಮರೆತರೂ ಕೂಸಿನ ತೂಕ ಮರೆಯುವುದಿಲ್ಲ ಎಂದು ಅವರ ನಂಬಿಕೆ. ಕೇಳಲು ಆಯಾ ಊರಿನ ಹೆಣ್ಣುಮಕ್ಕಳನ್ನೇ ಕಳಿಸಿದರು.

"ಹೊರಗಿನವರು ಹೋದ್ರ ಬಾಗಲಾ ತಗಿಯೂದಿಲ್ಲ. ನೀವ ಹೋಗ್ರಿ ಕಸ್ತೂರಿ. ಮನಿ ಮಗಳು ನೀವು," ಎಂದಿದ್ದರು.

ಆಗ ಕಸ್ತೂರಿಗೆ ಮದುವೆಯಾಗಿ ಐದು ವರ್ಷ. ಮಕ್ಕಳಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಮನೆಮನೆಯಲ್ಲಿ ಚಹಾ ಕೊಟ್ಟರು, ಚೂಡಾ ಕೊಟ್ಟರು, ಹಣೆಗೆ ಕುಂಕುಮ ಹಚ್ಚಿ ಕಳಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ನನ್ನ ದೊಡ್ಡಾಂವ ಎರಡು ಕಿಲೊ ಇದ್ದ. ಸಣ್ಣಕಿ ಒಂದೂ ಮುಕ್ಕಾಲು. ಅಂಗಳದಲ್ಲಿ ಆಡುವ ಮಕ್ಕಳು ದುಂಡುದುಂಡಗಿದ್ದರು. ಹುಟ್ಟಿದಾಗ ಸಣ್ಣ, ಆಮೇಲೆ ಚೆನ್ನಾಗಿ ಬೆಳೆದಿವೆ ಎಂದು ಕಸ್ತೂರಿ ಗುರುತು ಹಾಕಿಕೊಂಡಳು. ಎಲ್ಲರ ಎಂಜಲನ್ನೂ ಪರೀಕ್ಷಿಸಿ ಕೇಂದ್ರದ ಯಂತ್ರ ಲೆಕ್ಕ ಕೂಡಿಸಿದಾಗ, ಬನ್ನಿಪೇಟೆಯವರಲ್ಲಿ ಹೆಚ್ಚಾಗಿ, ಬೇರೆಯವರಲ್ಲಿ ಅಪರೂಪವಾಗಿ ಇರುವ ಒಂದು ಅಕ್ಷರ ಮೇಲೆದ್ದು ಬಂತು. ಅದು ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಕೂಸಿನ ತೂಕ ಹತ್ತಿರ ಹತ್ತಿರ ಅರ್ಧ ಕಿಲೊ ಇಳಿಯುತ್ತಿತ್ತು.

"ಒಂದ ಅಕ್ಷರ ಇಷ್ಟು ಎಳೀತದ ಅಂದ್ರ ಏನ್ರಿ ಇದು. ಎಲ್ಲೂ ಕಂಡಿಲ್ಲ, ಕೇಳಿಲ್ಲ," ಎಂದು ಇನಾಮದಾರ ಮೇಡಂ ಬೆರಗಾಗಿದ್ದರು. ಎಲ್ಲೂ ಕಾಣದ್ದು ಇಲ್ಲೇಕೆ ಕಂಡಿತು ಎಂದು ಕೇಳಬೇಕಾದ ಜಾಗದಲ್ಲಿ ಇಬ್ಬರೂ ಖುಷಿಪಟ್ಟರು. ಪೇಢಾ ಹಂಚಿದರು.

ಈಗ, ಅದಾಗಿ ಏಳು ವರ್ಷಕ್ಕೆ, ಕಸ್ತೂರಿಯ ತಂಗಿ ಮಂಗಲಾ ಚೊಚ್ಚಲ ಹೆರಿಗೆಗೆ ಬನ್ನಿಪೇಟೆಯ ಗಂಡನ ಮನೆಯಿಂದ ಅಲ್ಲಿಯೇ ಅವ್ವನ ಮನೆಗೆ ಬಂದಿದ್ದಳು. ಮಧ್ಯಾಹ್ನ ಕೇಂದ್ರದ ದೊಡ್ಡ ಪರದೆಯ ಮೇಲೆ ಬನ್ನಿಪೇಟೆಯ ಸಾಲಿನಲ್ಲಿ ಅವಳ ಹೆಸರು ಮೂಡಿತು. ಹೆಣ್ಣು. ತೂಕ ಎರಡು ಕಿಲೊ. ನಿಜತೂಕ ಎರಡು ಕಿಲೊ ನೂರು. ಹಸಿರು.

ಕಸ್ತೂರಿ ಆ ಸಾಲನ್ನು ಎರಡು ಸಲ ಓದಿದಳು. ಅಷ್ಟರಲ್ಲಿ ಅವ್ವನ ಫೋನು ಬಂತು.

"ಹೆಣ್ಣ ಕೂಸವಾ. ಮಂಗಲಿ ಆರಾಮದಾಳ."

"ತೂಕ ಎಷ್ಟೈತಿ ಯವ್ವಾ?" ಗೊತ್ತಿದ್ದೂ ಅವ್ವನ ಬಾಯಿಂದ ಕೇಳಬೇಕೆನಿಸಿತ್ತು.

"ಒಂದೂವರಿ ಐತಿ ನೋಡು."

ಕಸ್ತೂರಿಗೆ ನಗು ಬಂತು. ಅವ್ವನಿಗೆ ಮಿಣಿಮಿಣಿ ಮಿನುಗುವ ಅಂಕಿ ಓದಲು ಎಲ್ಲಿ ಬರುತ್ತದೆ ಎಂದುಕೊಂಡಳು. ತಿದ್ದಲು ಹೋಗಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೊರಟು ಬನ್ನಿಪೇಟೆಯ ಹೆರಿಗೆ ಆಸ್ಪತ್ರೆ ಸೇರಿದಾಗ ಮಂಗಲಾ ಗೋಡೆಗೆ ಒರಗಿ ಕೂತಿದ್ದಳು. ಕೂಸು ಎದೆಯ ಮೇಲಿತ್ತು, ಕಾಲಿಗೆ ಹಸಿರು ಪಟ್ಟಿ.

"ನಿಮ್ಮ ಯಂತ್ರ ಹೇಳಿದಂಗ ಹಡದೀನಿ ನೋಡಕ್ಕಾ. ನಿನ್ನ ಮಾನಾ ಉಳಿಸೀನಿ," ಎಂದು ಮಂಗಲಾ ನಕ್ಕಳು. ನಗುವಾಗ ಕೊರಳಿನ ಎಲುಬು ಎದ್ದು ಕಂಡವು.

"ನೀ ಯಾಕ ಹಿಂಗಾಗೀದಿ?"

"ಮಗ್ಗ ನಿಂತು ಮೂರ ವರ್ಷಾತು. ಅತ್ತೀ ಮನ್ಯಾಗ ಒಂದು ಹೊತ್ತಿನ ಮ್ಯಾಲೆ ಯಾರೂ ಉಣ್ಣೂದಿಲ್ಲ, ನಾ ಒಬ್ಬಾಕಿ ಹೆಂಗ ಉಣ್ಲಿ? ಹೆಚ್ಚಿನ ರೇಶನ್ ಕೇಳಾಕ ಹೋದ್ರ, ನಿಂದು ಹುಟ್ಟಾ ಸಣ್ಣ ಕೂಸು, ಸಾಕು ಅಂದ್ರು. ನೀನೂ ಫೋನಿನ್ಯಾಗ ಅದನ್ನ ಹೇಳಿದೆಲ್ಲ, ಅಂಜಬ್ಯಾಡ, ನಮ್ಮ ಪೈಕಿ ಕೂಸು ಸಣ್ಣವ ಅಂತ."

ಹೇಳಿದ್ದು ಹೌದು. ಕಸ್ತೂರಿ ಕೂಸನ್ನು ಮುಟ್ಟಿದಳು. ಪಾದ ತಣ್ಣಗಿತ್ತು. ಮಂಗಲಾ ಮೊಲೆ ಕೊಟ್ಟರೆ ಅದು ಎರಡು ಸಲ ಚೀಪಿ ಬಾಯಿ ಸಡಿಲಿಸಿ ಮಲಗಿಬಿಡುತ್ತಿತ್ತು. ಪಕ್ಕದ ಮಂಚದಲ್ಲಿ ಅದೇ ಓಣಿಯ ಇನ್ನೊಬ್ಬ ಬಾಣಂತಿ, ಅವಳ ಕೂಸಿನ ಕಾಲಲ್ಲೂ ಹಸಿರು ಪಟ್ಟಿ. ಅದರಾಚೆ ಮತ್ತೊಂದು. ವಾರ್ಡಿನ ತುಂಬ ಹಸಿರು.

"ಸಿಸ್ಟರ್, ಕೂಸು ಸರಿಯಾಗಿ ಕುಡೀವಲ್ದು," ಎಂದಳು ಕಸ್ತೂರಿ.

ಜೈನಾಬಿ ಸಿಸ್ಟರು ಬಂದು ಮೊದಲು ಪಟ್ಟಿ ನೋಡಿ, ಆಮೇಲೆ ಕೂಸನ್ನು ನೋಡಿದರು. "ಹಸರ ಐತಲ್ರಿ ಅಕ್ಕಾರ. ಸಣ್ಣ ಕೂಸು ಸಣ್ಣಂಗ ಕುಡೀತೈತಿ. ಎದಿಗೆ ಹಚ್ಚಿಕೊಂಡ ಇಟ್ಟಿರ್ರಿ, ಬೆಚ್ಚಗಾಕ್ಕತಿ." ಒಳ್ಳೆಯ ಹೆಣ್ಣುಮಗಳು. ಸುಳ್ಳು ಧೈರ್ಯ ಹೇಳುವವರಲ್ಲ, ಪಟ್ಟಿಯನ್ನು ನಂಬಿ ಹೇಳಿದರು.

ಆಗ ಚಂಪವ್ವ ಬಂದಳು. ಅವ್ವನ ಮನೆಯ ಪಕ್ಕದವಳು; ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ಬದುಕುವವಳು. ಮದುವೆಯಾಗಿ ಬಹಳ ವರ್ಷವಾದರೂ ಮಡಿಲು ತುಂಬಿರಲಿಲ್ಲ. ಕೈಯಲ್ಲಿ ಬಾಣಂತಿಗೆ ಮಾಡಿದ ಅಂಟಿನುಂಡಿಯ ಡಬ್ಬಿ. ಅದನ್ನು ಮಂಚದ ಕೊನೆಗೆ ಇಟ್ಟು, ಕೂಸಿನ ಕಡೆ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ನಿಂತಳು.

"ಎಷ್ಟ ತೂಕ ಐತಿ ಚಿಗವ್ವಾ?"

"ಒಂದೂವರಿ ಐತಿ ನೋಡ ಚಂಪಾ. ಇಲಿಮರಿ ಇದ್ದಂಗ ಐತಿ," ಎಂದಳು ಅವ್ವ.

"ಇರ್ಲಿ ಬಿಡು. ಉಂಡ ಬೆಳೀತೈತಿ." ಚಂಪವ್ವ ಕಿಟಕಿಗೆ ಹೇಳಿದಂತೆ ಹೇಳಿ ಹೋದಳು.

ಅವಳ ಚಪ್ಪಲಿ ಸಪ್ಪಳ ದೂರಾಗುವ ತನಕ ಕಸ್ತೂರಿ ಕಾದಳು. "ಯವ್ವಾ, ತಕ್ಕಡಿಯಾಗ ಎರಡು ಕಿಲೊ ಐತಿ."

"ಹೌದು, ಎರಡು ಐತಿ."

"ನಿನಗ ಗೊತ್ತೈತಿ?"

"ನಾ ಏನ ಕುರುಡಿ ಏನ? ನನ್ನ ಮುಂದ ತೂಗ್ಯಾರ."

"ಮತ್ತ ಅಕಿಗೆ ಒಂದೂವರಿ ಅಂದಿ?"

ಅವ್ವ ಡಬ್ಬಿಯ ಮುಚ್ಚಳ ತೆಗೆದು ಒಂದು ಉಂಡಿ ಮಂಗಲಾಳ ಕೈಗಿಟ್ಟಳು. "ದೃಷ್ಟಿಗೆ ಅರ್ಧ ಕಿಲೊ ಬಿಟ್ಟ ಹೇಳೂದು. ಎಲ್ಲಾರಿಗೂ ಅಲ್ಲ. ಉಡ್ಯಾಗ ಕೂಸಿಲ್ಲದಾಕಿ ಕೇಳಿದ್ರ ಹಂಗ ಹೇಳಬೇಕು. ಅವರ ಕಣ್ಣ ಭಾರ ಇರ್ತಾವು, ಪಾಪ, ಅವರೇನ ಬೇಕಂತ ಮಾಡೂದಿಲ್ಲ. ಹಡದ ದಿವಸ ಹಿರ್ಯಾರು ಕಿವ್ಯಾಗ ಹೇಳ್ತಾರ. ನಿನ್ನೆ ಮಂಗಲಿಗೂ ಹೇಳೀನಿ. ನಿನಗ…"

ಅಲ್ಲಿಗೆ ಅವ್ವನ ಮಾತು ನಿಂತಿತು. ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಆಗ ಅವಳಿಗೆ ಅರಿವಾಯಿತು. ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಹಾಕತೊಡಗಿದಳು. ಅದು ಕೂಡುತ್ತಿರಲಿಲ್ಲ.

ನಿನ್ನೆ ಫೋನಿನಲ್ಲಿ ಒಂದೂವರಿ ಎಂದಿದ್ದಳು ಅವ್ವ. ಅಂಕಿ ಓದಲು ಬರದೆ ಹೇಳಿದ್ದಲ್ಲ.

"ನಾ ಆವಾಗ ಮನಿ ಮನಿ ತಿರಗಿ ತೂಕಾ ಕೇಳಿದ್ನೆಲ್ಲ," ಎಂದಳು ಕಸ್ತೂರಿ. "ನನಗೂ ಅರ್ಧ ಕಿಲೊ ಬಿಟ್ಟ ಹೇಳಿದ್ರೇನು?"

ಮಂಗಲಾ, "ಅಕ್ಕಾ, ಮನಸಿಗೆ ಹಚ್ಚಿಕೋಬ್ಯಾಡ. ನಿನ್ನ ಮ್ಯಾಲಿನ ಸಿಟ್ಟಿಗೆ ಯಾರೂ ಹೇಳಿಲ್ಲ," ಎಂದು ಅವಳ ಕೈ ಹಿಡಿದಳು. ಉಂಡಿ ಹಿಡಿದಿದ್ದ ಕೈ. ತುಪ್ಪದ ಜಿಡ್ಡು ಹತ್ತಿತು.

ಮನಸ್ಸಿಗೆ ಹಚ್ಚಿಕೊಳ್ಳಲು ಕಸ್ತೂರಿಗೆ ಪುರುಸೊತ್ತಿರಲಿಲ್ಲ. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಬೇರೆ ಊರುಗಳಿಗೆ ಹೋದ ಸಮೀಕ್ಷೆಯ ಹೆಂಗಸರೆಲ್ಲ ಮಕ್ಕಳ ತಾಯಂದಿರು. ಬನ್ನಿಪೇಟೆಗೆ ಹೋದವಳು ಮಾತ್ರ ಬಂಜೆ. ಬನ್ನಿಪೇಟೆಯ ತೂಕಗಳಷ್ಟೇ ಅರ್ಧ ಕಿಲೊ ಇಳಿದವು. ಯಂತ್ರ ಅದಕ್ಕೊಂದು ಕಾರಣ ಹುಡುಕಿತು. ಬನ್ನಿಪೇಟೆಯವರಲ್ಲಿ ಇದ್ದು ಬೇರೆಯವರಲ್ಲಿ ಇಲ್ಲದ್ದು ಯಾವುದು? ಆ ಅಕ್ಷರ. ಅದರ ತಲೆಗೆ ಕಟ್ಟಿತು. ಏಳು ವರ್ಷ ಕಸ್ತೂರಿ ವಂಶವಾಹಿ ಎಂದು ತಿಳಿದದ್ದು ತನ್ನದೇ ಕಣ್ಣಿನ ಭಾರ.

ಆ ಅಕ್ಷರ ತೆಗೆದುಬಿಟ್ಟರೆ ಮಂಗಲಾಳ ಕೂಸಿನ ನಿಜತೂಕ ಎರಡೂವರೆಯ ಮೇಲೆ. ಎರಡು ಕಿಲೊದ ಈ ಕೂಸು ಸಣ್ಣ ಕೂಸಲ್ಲ, ಹಸಿದ ಕೂಸು. ಹೊಟ್ಟೆಯೊಳಗೆ ಹಸಿದ ಕೂಸಿನ ಮೈಯಲ್ಲಿ ಕೂಡಿಟ್ಟ ಕೊಬ್ಬಿರುವುದಿಲ್ಲ. ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಚೀಪುವ ಬಲ ಹೋಗುತ್ತದೆ.

"ಸಿಸ್ಟರ್, ಈ ಕೂಸನ್ನ ಪೆಟಗ್ಯಾಗ ಇಡ್ರಿ. ಪಟ್ಟಿ ತಪ್ಪೈತಿ."

"ಪಟ್ಟಿ ಕೊಡೂ ಆಫೀಸಿನವ್ರು ನೀವ, ತಪ್ಪೈತಿ ಅನ್ನಾವ್ರೂ ನೀವನ ಏನ್ರಿ?" ಜೈನಾಬಿ ಸಿಸ್ಟರು ಅರ್ಧ ನಕ್ಕರು. ಆಮೇಲೆ ಕಸ್ತೂರಿಯ ಮುಖ ನೋಡಿ ನಗು ನಿಲ್ಲಿಸಿದರು. "ಹಸರ ಕೂಸಿಗೆ ಪೆಟಗಿ ತಗದ್ರ ನನ್ನ ಹುಗೀತಾರ. ಇರಾವು ಆರ. ನೀವ ಅಲ್ಲಿಂದ ಕೆಂಪು ಮಾಡಿಸ್ರಿ, ಆ ಕ್ಷಣಾ ಇಡ್ತೀನಿ."

ಹೊರಗೆ ಕೂತಿದ್ದ ಮಂಗಲಾಳ ಗಂಡ ಸಂಗಪ್ಪ ಜಿಲ್ಲಾ ಆಸ್ಪತ್ರೆಗೆ ಒಯ್ಯುತ್ತೇನೆಂದು ಎದ್ದ. ಅಲ್ಲಿಯೂ ಮೊದಲು ನೋಡುವುದು ಕಾಲಿನ ಪಟ್ಟಿಯನ್ನೇ.

ಕಸ್ತೂರಿ ಸಿಕ್ಕಿದ ಜೀಪು ಹತ್ತಿ ಧಾರವಾಡ ಮುಟ್ಟಿದಳು. ಪರದೆಯ ಕೋಣೆಯಲ್ಲಿ ಇನಾಮದಾರ ಮೇಡಂ ನಿಂತೇ ಎಲ್ಲವನ್ನೂ ಕೇಳಿದರು.

"ನೋಡ್ರಿ ಕಸ್ತೂರಿ, ನಿಮ್ಮ ಸಂಕಟ ನನಗ ತಿಳೀತದ," ಎಂದರು. "ಆದ್ರ ಒಂದು ಮಾತು. ಎರಡು ವರ್ಷಾತು, ಬನ್ನಿಪೇಟಿ ಕೂಸುಗಳನ್ನ ತಕ್ಕಡಿ ತೂಗಲಿಕ್ಕತ್ತದ. ತಕ್ಕಡಿಗೇನು ದೃಷ್ಟಿ ಗಿಷ್ಟಿ ಇಲ್ಲಲ್ಲ? ಯಂತ್ರ ಎರಡು ಅಂದ್ರ ಅದೂ ಎರಡು ಅಂತದ. ನಿಮ್ಮ ಅಕ್ಷರ ಸುಳ್ಳಾಗಿದ್ರ ಇದು ಹ್ಯಾಂಗ ಕೂಡತದ?"

"ಸಮೀಕ್ಷೆ ಮಾಡಿದಾಗ ಮಗ್ಗ ನಡದಿದ್ದೂ ಮೇಡಂ. ಈಗ ನಿಂತಾವು. ಈಗಿನ ಕೂಸು ಖರೇನ ಸಣ್ಣ ಹುಟ್ಟಾಕತ್ತಾವು, ಹಸದ ಹುಟ್ಟಾಕತ್ತಾವು."

"ಅಂದ್ರ ಹಸಿವಿ ಮತ್ತ ಸುಳ್ಳು ಎರಡೂ ಒಂದ ಅಳತೀಗೆ ಬಂದು ಕೂತಾವು ಅಂತೀರಿ."

"ಹೌದ್ರಿ."

"ಅದನ್ನ ಸಮಿತಿ ಮುಂದ ಹ್ಯಾಂಗ ಹೇಳ್ಲಿ? ನಿಮ್ಮ ತಾಯಿ ಡಬ್ಬಿ ಮುಚ್ಚಳಾ ಹಾಕಿದ್ದನ್ನ ಸಾಕ್ಷಿ ಅಂತ ಕೊಡ್ಲೇನು?"

ಹಸಿವೇ ಬಂದು ಸುಳ್ಳಿನ ಪರವಾಗಿ ಸಾಕ್ಷಿ ಹೇಳಿ ಹೋಗಿತ್ತು.

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದು ಕೆಲಸ ಮಾಡ್ರಿ. ನಿಮ್ಮ ತಂಗಿ ಕೂಸು ಒಂದಕ್ಕ ಕೈಯಿಂದ ಕೆಂಪು ಕೊಟ್ಟುಬಿಡ್ರಿ. ನಾ ನೋಡಿಲ್ಲ. ಉಳಿದದ್ದು ಸೋಮವಾರ ಸಮಿತಿಯೊಳಗ ಮಾತಾಡೂಣು." ಹೇಳಿ ತಮ್ಮ ಕೋಣೆಗೆ ಹೋದರು.

ಕಸ್ತೂರಿ ಕುರ್ಚಿಯಲ್ಲಿ ಕೂತಳು. ಮಂಗಲಾಳ ಹೆಸರಿನ ಮೇಲೆ ಬೆರಳಿಟ್ಟಳು. ಅದರ ಕೆಳಗೆ ಪಕ್ಕದ ಮಂಚದವಳ ಹೆಸರು, ಅದರ ಕೆಳಗೆ ಇನ್ನೊಂದು, ಮತ್ತೊಂದು. ಎಲ್ಲ ಹಸಿರು. ಎಲ್ಲರೂ ಅವಳಿಗೆ ಚಹಾ ಕೊಟ್ಟ ಮನೆಗಳ ಸೊಸೆ, ಮಗಳು. ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ತನ್ನ ತಂಗಿಯ ಕೂಸಿಗಷ್ಟೇ ಬಣ್ಣ ಬದಲಿಸಿದರೆ ಅದು ಕಳ್ಳತನ, ಎಲ್ಲರದೂ ಬದಲಿಸಿದರೆ ಅದು ತಿದ್ದುಪಡಿ ಎಂದು ಅವಳಿಗೆ ಅನಿಸಿತು. ತೂಕದ ಲೆಕ್ಕದಲ್ಲಿ ಒಂದೊಂದು ಅಕ್ಷರದ ಪಾಲು ಎಷ್ಟೆಂದು ನೋಡಿಕೊಳ್ಳುವ ಕೆಲಸ ಅವಳದೇ ಆಗಿತ್ತು, ಕೀಲಿ ಅವಳ ಬಳಿಯೇ ಇತ್ತು. ಆ ಅಕ್ಷರದ ಮುಂದಿದ್ದ ಅಂಕಿಯನ್ನು ಅಳಿಸಿ ಸೊನ್ನೆ ಬರೆದಳು.

ಪರದೆಯ ಮೇಲೆ ಬನ್ನಿಪೇಟೆಯ ಸಾಲು ಮೇಲಿನಿಂದ ಕೆಳಕ್ಕೆ ಕೆಂಪಾಗುತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ಜೈನಾಬಿ ಸಿಸ್ಟರ ಫೋನು. "ಅಕ್ಕಾರ, ಏನಾಗೈತ್ರಿ? ಎಲ್ಲಾ ಕೆಂಪ ಪಟ್ಟಿ ಬೀಳಾಕತ್ತಾವು. ಮಿಷನ್ ಕೆಟ್ಟತೇನು?"

"ಕೆಟ್ಟಿಲ್ರಿ ಸಿಸ್ಟರ್. ಈಗ ಸರಿ ಆಗೈತಿ."

"ವಾರ್ಡಿನ್ಯಾಗ ಇರೂ ಅಷ್ಟೂ ಕೂಸು ಒಂದ ಹೊಡತಕ್ಕ ಹೆಂಗ ಜಡ್ಡಾಗ್ತಾವ್ರಿ? ಪೆಟಗಿ ಆರ, ಅದರಾಗ ನಾಕು ತುಂಬ್ಯಾವು. ಯಾರನ್ನ ಇಡ್ಲಿ, ಯಾರನ್ನ ಬಿಡ್ಲಿ?"

ಕಸ್ತೂರಿ ಬಾಯಿ ತೆರೆದಳು. ಮಂಗಲಾಳ ಕೂಸನ್ನು ಇಡಿ ಎಂದರೆ ಸಾಕಿತ್ತು. ಎದುರಿಗೆ ಕೆಂಪಾದ ಹೆಸರುಗಳು ಇದ್ದವು. "ಎಲ್ಲಾಕ್ಕಿಂತ ತಣ್ಣಗಿರೂ ಕೂಸು ಯಾವುದೈತಿ, ಅದನ್ನ ಇಡ್ರಿ," ಎಂದಳು.

"ನಾ ದೊಡ್ಡ ಡಾಕ್ಟರನ್ನ ಕೇಳ್ತೀನ್ರಿ," ಎಂದು ಸಿಸ್ಟರು ಫೋನಿಟ್ಟರು.

ದೊಡ್ಡ ಡಾಕ್ಟರು ಸಿಸ್ಟರಿಗೆ ಹೇಳಿದ್ದು ಆಮೇಲೆ ತಿಳಿಯಿತು. ಎಲ್ಲಾ ಕೆಂಪು ಬಂದರೆ ಕೂಸುಗಳು ಕೆಟ್ಟಿಲ್ಲ, ಯಂತ್ರ ಕೆಟ್ಟಿದೆ; ಕೇಂದ್ರದವರು ಬಂದು ಯಂತ್ರ ನೋಡುವ ತನಕ ಯಾವ ಪಟ್ಟಿಯನ್ನೂ ನಂಬಬೇಡಿ. ಅವರೇ ಇನಾಮದಾರ ಮೇಡಂಗೂ ಫೋನು ಮಾಡಿದರು. ಮೇಡಂ ಓಡಿಬಂದು ಪರದೆ ನೋಡಿ, ಹಳೆಯ ಅಂಕಿಯನ್ನು ಮರಳಿ ಕೂಡಿಸಿದರು. ಕಸ್ತೂರಿಯ ಕೀಲಿಯನ್ನು ತೆಗೆದುಹಾಕಿದರು.

"ಒಂದ ಕೂಸಿಗೆ ಕೊಡ್ರಿ ಅಂದಿದ್ದೆ," ಎಂದರು. ಸಿಟ್ಟಿಗಿಂತ ದಣಿವು ಹೆಚ್ಚಿತ್ತು ದನಿಯಲ್ಲಿ.

"ಈಗ ಅದೊಂದಕ್ಕ ಕೊಡ್ರಿ ಮೇಡಂ. ಕೈ ಮುಗೀತೀನಿ."

ಮೇಡಂ ಕೊಟ್ಟರು. ತಮ್ಮ ಕೈಯಿಂದಲೇ ಕೊಟ್ಟರು. ಬನ್ನಿಪೇಟೆಯಲ್ಲಿ ಮತ್ತೊಂದು ಕೆಂಪು ಪಟ್ಟಿ ಹೊರಬಿತ್ತು. ಆಗಲೇ ಉದುರಿ ಬಿದ್ದಿದ್ದ ಕೆಂಪು ಪಟ್ಟಿಗಳ ನಡುವೆ ಅದೂ ಒಂದಾಗಿ ಬಿದ್ದಿತ್ತು. ಫೋನು ಮಾಡಿದರೆ ಡಾಕ್ಟರು, "ಬೆಳಿಗ್ಗೆ ನಿಮ್ಮ ಮೆಕ್ಯಾನಿಕ್ಕು ಬಂದು ನೋಡಲಿ, ಅಲ್ಲೀ ತನಕ ಯಾವ ಬಣ್ಣಾನೂ ಬ್ಯಾಡ," ಎಂದುಬಿಟ್ಟರು.

ಮೆಕ್ಯಾನಿಕ್ಕು ಬರುವ ಮೊದಲೇ ಮಂಗಲಾಳ ಕೂಸು ಹೋಯಿತು. ಅಳಲೂ ಇಲ್ಲವಂತೆ. ಎದೆಯ ಮೇಲೆ ಮಲಗಿದ್ದದ್ದು ಹಾಗೆಯೇ ತಣ್ಣಗಾಯಿತಂತೆ. ಉಳಿದ ಹಸಿರು ಕೂಸುಗಳು ಆ ವಾರ ದಾಟಿಕೊಂಡವು. ಎರಡು ಪೆಟ್ಟಿಗೆ ರಾತ್ರಿಯೆಲ್ಲ ಖಾಲಿ ಇದ್ದವು ಎಂದು ಜೈನಾಬಿ ಸಿಸ್ಟರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಿದರು. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಆ ಹೆಣ್ಣುಮಗಳಿಗೆ ಹೇಳದೆ ಇರಲಾಗಲಿಲ್ಲ.

ಕೂಸನ್ನು ಹಳ್ಳದ ಆಚೆ ಮಣ್ಣು ಮಾಡಿ ಗಂಡಸರು ಮರಳಿದರು. ಮನೆಯ ಕಟ್ಟೆಯ ಮೇಲೆ ಅವ್ವ ಕೂತಿದ್ದಳು. ಮಂಗಲಾ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಂಪವ್ವ ಬಂದು, ಈ ಸಲ ಎದುರಿಗೇ ಕೂತು ಅವ್ವನ ಮೊಣಕಾಲು ಹಿಡಿದುಕೊಂಡಳು.

"ಎರಡು ಕಿಲೊ ಇತ್ತ ಚಂಪಾ," ಎಂದಳು ಅವ್ವ. "ಎರಡೂ ತುಂಬಿತ್ತು. ನಿನ್ನ ಮುಂದ ಹೇಳಿದ್ದಿಲ್ಲ."

"ಗೊತ್ತೈತಿ ಚಿಗವ್ವಾ," ಎಂದಳು ಚಂಪವ್ವ. "ಅರ್ಧ ನಾ ಕೂಡಿಸಿಕೊಂಡ ಇರ್ತೀನಿ ಯಾವಾಗ್ಲೂ."

ಬಾಗಿಲ ಬಳಿ ನಿಂತಿದ್ದ ಕಸ್ತೂರಿ ಅದನ್ನು ಕೇಳಿದಳು. ಸತ್ತ ಕೂಸಿಗೆ ಇನ್ನು ಯಾರ ಕಣ್ಣೂ ತಾಗುವುದಿಲ್ಲ. ಅದರ ನಿಜವಾದ ತೂಕವನ್ನು ಯಾರ ಮುಂದೆ ಬೇಕಾದರೂ ಹೇಳಬಹುದು.

ಅವಳಿಗೆ ತಿಪ್ಪವ್ವ ನೆನಪಾದಳು. ಸಮೀಕ್ಷೆಯ ಕಾಲದಲ್ಲಿ, ಬದುಕಿರುವ ಎರಡು ಮಕ್ಕಳೂ ಎರಡೆರಡು ಕಿಲೊ ಎಂದು ಹೇಳಿ, ಜ್ವರದಿಂದ ಸತ್ತ ಗಂಡುಮಗ ಎರಡೂ ಮುಕ್ಕಾಲು ಇದ್ದ ಎಂದಿದ್ದಳು. ಅಂಥವರು ಇನ್ನೂ ಇದ್ದರು. ಸತ್ತವುಗಳ ತೂಕ ಹೇಳುವಾಗ ಅವರು ಕಸ್ತೂರಿಯ ಮುಖವನ್ನು ನೇರವಾಗಿ ನೋಡುತ್ತಿದ್ದರು. ಕಸ್ತೂರಿ ಇದನ್ನು ಆಗಲೇ ಮೇಡಂಗೆ ಹೇಳಿದ್ದಳು. ಎಲ್ಲೆಡೆ ಸತ್ತ ಕೂಸುಗಳೇ ಹಗುರ, ಇಲ್ಲಿ ಮಾತ್ರ ಅವೇ ಭಾರ, ಏನಿದು ಎಂದು ಕೇಳಿದ್ದಳು. ಮೇಡಂ "ಹೋದ ಕೂಸು ನೆನಪಿನೊಳಗ ಬೆಳೀತದ ಕಸ್ತೂರಿ. ಪಾಪ, ಆ ಅಂಕಿ ಹಿಡಿಯೂದು ಬ್ಯಾಡ," ಎಂದಿದ್ದರು. ಇಬ್ಬರೂ ಮರುಕದಿಂದ ಆ ಉತ್ತರಗಳನ್ನೆಲ್ಲ ತೆಗೆದುಹಾಕಿದ್ದರು. ಆ ಓಣಿಗಳಲ್ಲಿ ಕಸ್ತೂರಿಗೆ ಸಿಕ್ಕಿದ ನಿಜವಾದ ತೂಕಗಳು ಅವಷ್ಟೇ.

ಸೋಮವಾರ ಅವಳು ಇನಾಮದಾರ ಮೇಡಂ ಎದುರು ಕೂತು ಇಷ್ಟನ್ನೂ ಹೇಳಿದಳು. ಮೇಡಂ ತೆಗೆದುಹಾಕಿದ್ದನ್ನು ಹುಡುಕಿ ತಂದು ಲೆಕ್ಕ ಹಾಕಿದರು. ಒಂದೇ ತಾಯಿಯ ಮಕ್ಕಳಲ್ಲಿ ಸತ್ತದ್ದು ಬದುಕಿದ್ದಕ್ಕಿಂತ ಅರ್ಧ ಕಿಲೊ ಭಾರ. ಬನ್ನಿಪೇಟೆಯಲ್ಲಿ ಮಾತ್ರ. ಬೇರೆ ಯಾವ ಊರಿನಲ್ಲೂ ಇಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೀವು ಮೊನ್ನೆ ಹೇಳಿದ್ರ…"

"ಮೊನ್ನೆ ನನಗ ಗೊತ್ತಿರಲಿಲ್ರಿ. ಕೂಸು ಹೋದ ಮ್ಯಾಲೆ ಅವ್ವ ಹೇಳಿದ್ಲು."

ಸಮಿತಿ ಆ ಅಕ್ಷರವನ್ನು ಲೆಕ್ಕದಿಂದ ತೆಗೆಯಿತು. ಬನ್ನಿಪೇಟೆಯ ಬಸುರಿಯರಿಗೆ ಹೆಚ್ಚಿನ ಆಹಾರ ಕೊಡತೊಡಗಿದರು. ಹೊಸದಾಗಿ ಸಮೀಕ್ಷೆ ಮಾಡಬೇಕೆಂದು, ಅದಕ್ಕೆ ಮಕ್ಕಳೊಂದಿಗರಾದ ಹೆಂಗಸರನ್ನೇ ಕಳಿಸಬೇಕೆಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ಓದಿದವರು ಕಸ್ತೂರಿಯ ಕಡೆ ನೋಡಲಿಲ್ಲ. ಅವಳೇ ಬೇರೆ ವಿಭಾಗ ಕೇಳಿ ಹೋದಳು. ಅಲ್ಲಿ ಪರದೆಯಿರಲಿಲ್ಲ.

ಗೊತ್ತಿಲ್ಲದ್ದು ಬಹಳವಿದೆ. ಆ ಅಕ್ಷರ ಪೂರಾ ನಿರಪರಾಧಿಯೋ, ಅಥವಾ ಅರ್ಧ ಕಿಲೊ ಅಲ್ಲದಿದ್ದರೂ ಎಲ್ಲ ಅಕ್ಷರಗಳಂತೆ ಚಿಟಿಕೆಯಷ್ಟಾದರೂ ಎಳೆಯುತ್ತದೆಯೋ, ಇನ್ನೂ ತಿಳಿದಿಲ್ಲ. ಖಾಲಿಯಿದ್ದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಮಂಗಲಾಳ ಕೂಸು ಉಳಿಯುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಡಾಕ್ಟರುಗಳನ್ನು ಕೇಳಿದರೆ ಒಬ್ಬರು ಹೌದೆನ್ನುತ್ತಾರೆ, ಒಬ್ಬರು ತಲೆಯಾಡಿಸುತ್ತಾರೆ. ಅದಕ್ಕೂ ಮೊದಲಿನ ಎರಡು ವರ್ಷಗಳಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡು ಮನೆಗೆ ಹೋಗಿ ತೀರಿಕೊಂಡ ಕೂಸುಗಳು ಎಷ್ಟು ಎಂಬುದೂ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಮಂಗಲಾ ಮತ್ತೆ ಹಡೆದಳು. ಕಸ್ತೂರಿ ಕೆಲಸದಲ್ಲಿದ್ದಾಗ ಅವ್ವನ ಫೋನು ಬಂತು.

"ಗಂಡ ಕೂಸವಾ. ಇಬ್ರೂ ಆರಾಮದಾರ."

ಕಸ್ತೂರಿ ತೂಕ ಕೇಳಲಿಲ್ಲ. ಅವ್ವ ತಾನೇ, ಸ್ವಲ್ಪ ತಡೆದು, "ಎರಡೂ ಕಾಲು ಐತಿ," ಎಂದಳು.

"ಚಲೋ ಆತು ಯವ್ವಾ," ಎಂದು ಕಸ್ತೂರಿ ಫೋನು ಇಟ್ಟಳು. ಪರದೆಯ ಕೋಣೆ ಎರಡು ಮಹಡಿ ಮೇಲಿತ್ತು. ಹೋಗಿ ಕೇಳಿದರೆ ಯಾರಾದರೂ ಹೇಳುತ್ತಿದ್ದರು. ಹೋಗಲಿಲ್ಲ. ಮಕ್ಕಳಿಲ್ಲದ ತನ್ನ ಕಣ್ಣಿಗೆ ಅವ್ವ ಈ ಸಲವೂ ಅಂಜಿ ಅರ್ಧ ಕಿಲೊ ಬಿಟ್ಟು ಹೇಳಿರಲಿ, ಕೂಸು ಎರಡೂ ಮುಕ್ಕಾಲು ಇರಲಿ ಎಂದು ಬೇಡಿಕೊಳ್ಳುತ್ತ ಕೂತಳು.

ಅವ್ವ ಹೇಳಿದ್ದು ನಿಜವೋ, ಬಿಟ್ಟು ಹೇಳಿದ್ದೋ, ಗೊತ್ತಿಲ್ಲ.